ಬೋಟಿನ ಅಲ್ಯೂಮಿನಿಯಂ ಸಾಮಾನಿಗೆ ಮನೆಯಲ್ಲೇ ಆನೋಡೈಸಿಂಗ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸ್ಲಿಕ್ಕೇ ಹೋಗಬಾರದು

ಮಂಜೇಶ್ವರದಿಂದ ಬೇಕಲದವರೆಗೆ ಯಾವ ದೋಣಿ ನೋಡಿದ್ರೂ ಈಗ ಫೈಬರಿನ ಒಡಲಿನ ಮೇಲೆ ಅಲ್ಯೂಮಿನಿಯಂ ಸಾಮಾನು ಸುಮಾರು ಉಂಟು, ಕ್ಯಾಬಿನಿನ ಕಿಟಕಿ ಫ್ರೇಮು, ಲೈಟಿನ ಬ್ರಾಕೆಟು, ಜಿಪಿಎಸ್ ಆಂಟೆನಾ ನಿಲ್ಲಿಸುವ ಪೈಪು, ಕೈ ಹಿಡ್ಕೊಳ್ಳುವ ರೈಲು, ಹಗ್ಗ ಸುತ್ತುವ ಕ್ಲೀಟು. ಹೊಸತರಲ್ಲಿ ಬೆಳ್ಳಗೆ ಹೊಳೀತದೆ, ಒಂದು ವರ್ಷ ಉಪ್ಪುಗಾಳಿ ಕುಡಿದ ಮೇಲೆ ನೋಡಿದ್ರೆ ಬೋಲ್ಟಿನ ಸುತ್ತ ಬಿಳಿ ಹುಡಿ, ಅದನ್ನು ಉಗುರಲ್ಲಿ ಕೆರೆದ್ರೆ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿ. ಪೇಂಟು ಹೊಡೆದ್ರೆ ಸ್ವಲ್ಪ ಸಮಯ ಚಂದ ಇರ್ತದೆ, ಎಲ್ಲೋ ಒಂದು ಕಡೆ ಗೀರು ಬಿದ್ದ ಕೂಡ್ಲೆ ಪೇಂಟಿನಡಿಗೆ ಉಪ್ಪುನೀರು ನುಗ್ಗಿ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬರ್ತದೆ. ಇದಕ್ಕೆ ಸರಿಯಾದ ಮದ್ದು ಆನೋಡೈಸಿಂಗ್, ಮತ್ತು ಸಣ್ಣ ಸಾಮಾನಿಗಾದ್ರೆ ಅದನ್ನು ಮನೆ ಹಿಂದಿನ ಶೆಡ್ಡಿನಲ್ಲಿ ಮಾಡ್ಲಿಕ್ಕೆ ಆಗ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಕರೆಂಟಿನ ಕಂಟ್ರೋಲು, ಆಸಿಡ್ ತಂಪಾಗಿಡುವ ಐಸು, ಶುದ್ಧ ನೀರು ಈ ಮೂರಕ್ಕೆ ಹಣ ಹಾಕಿ, ಉಳಿದದ್ದೆಲ್ಲ ಗುಜರಿಯಿಂದ ತಂದ್ರೂ ನಡೀತದೆ. ಸುಮಾರು ಜನ ಇದನ್ನು ಉಲ್ಟಾ ಮಾಡ್ತಾರೆ, ಟಬ್ಬು ಬಣ್ಣ ಎಲ್ಲ ಚಂದ ಚಂದದ್ದು ತರ್ತಾರೆ, ಕರೆಂಟಿಗೆ ಹಳೇ ಬ್ಯಾಟರಿ ಚಾರ್ಜರು, ನೀರಿಗೆ ಬಾವಿ.

ಮೊದಲು ಒಳಗೆ ಏನಾಗ್ತದೆ ಅಂತ ನೋಡುವ. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡ್ಲೆ ತನ್ನ ಮೈಮೇಲೆ ತಾನೇ ಒಂದು ಆಕ್ಸೈಡ್ ಪದರ ಮಾಡ್ಕೊಳ್ತದೆ, ಅದರ ದಪ್ಪ 2ರಿಂದ 4 ನ್ಯಾನೋಮೀಟರ್ ಅಷ್ಟೆ. ಮುಳ್ಳೇರಿಯದಲ್ಲೋ ಬದಿಯಡ್ಕದಲ್ಲೋ ಮನೆ ಕಿಟಕಿಗೆ ಅಷ್ಟು ಪದರವೇ ಹೆಚ್ಚುಕಮ್ಮಿ ಸಾಕಾಗ್ತದೆ, ಆದ್ರೆ ಕಡಲಿನ ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡ್ತದೆ, ಒಮ್ಮೆ ತೂತಾದ ಜಾಗದಲ್ಲಿ ಗುಂಡಿ ಒಳಗೆ ಒಳಗೆ ಇಳೀತಾ ಹೋಗ್ತದೆ. ಆನೋಡೈಸಿಂಗಿನಲ್ಲಿ ಅದೇ ಆಕ್ಸೈಡ್ ಪದರವನ್ನು ನಾವು ಕರೆಂಟು ಕೊಟ್ಟು 10, 15, 25 ಮೈಕ್ರಾನ್‌ವರೆಗೆ ಬೆಳೆಸುವುದು, ಒಂದು ಮೈಕ್ರಾನ್ ಅಂದ್ರೆ ಸಾವಿರ ನ್ಯಾನೋಮೀಟರ್, ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ಹಾಗಾಗಿ ಇದು ತಾನಾಗಿ ಬಂದದ್ದರ ಸಾವಿರಾರು ಪಟ್ಟು ದಪ್ಪ. ಲೋಹದ ಮೈಯಿಂದಲೇ ಬೆಳೆದದ್ದಾದ ಕಾರಣ ಪೇಂಟಿನ ಹಾಗೆ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಈ ಕೆಲಸ ಶುರುವಾದದ್ದೂ ಕಡಲಿನ ದೆಸೆಯಿಂದಲೇ, 1923ರಲ್ಲಿ ಬ್ರಿಟನ್ನಿನಲ್ಲಿ ನೀರಿನ ಮೇಲೆ ಇಳಿಯುವ ಸೀಪ್ಲೇನುಗಳ ಡ್ಯುರಾಲುಮಿನ್ (ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ) ಭಾಗಗಳು ಉಪ್ಪುನೀರಿಗೆ ತಿಂದು ಹೋಗುವುದನ್ನು ತಡೀಲಿಕ್ಕೆ ಇದನ್ನು ಮೊದಲು ದೊಡ್ಡ ಮಟ್ಟದಲ್ಲಿ ಬಳಸಿದ್ದು, ಆಗ ಕ್ರೋಮಿಕ್ ಆಸಿಡ್. ನಾವು ಈಗ ಬಳಸುವ ಸಲ್ಫ್ಯೂರಿಕ್ ಆಸಿಡಿನ ವಿಧಾನಕ್ಕೆ ಗೋವರ್ ಮತ್ತು ಓಬ್ರಿಯನ್ ಪೇಟೆಂಟ್ ಮಾಡಿದ್ದು 1927ರಲ್ಲಿ, ಇವತ್ತಿಗೂ ಅದೇ ನಡೀತಾ ಉಂಟು.

ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡಿನಲ್ಲಿ ನಮ್ಮ ಸಾಮಾನು ಪ್ಲಸ್ಸಿಗೆ, ಇನ್ನೊಂದು ಲೋಹದ ತಗಡು ಮೈನಸ್ಸಿಗೆ. ಕರೆಂಟು ಹರಿದಾಗ ಪ್ಲಸ್ಸಿನ ಕಡೆ ಆಮ್ಲಜನಕ ಅಲ್ಯೂಮಿನಿಯಮಿಗೆ ಸೇರಿ ಆಕ್ಸೈಡ್ ಆಗ್ತದೆ, ಮೈನಸ್ಸಿನ ಕಡೆ ಹೈಡ್ರೋಜನ್ ಗುಳ್ಳೆಯಾಗಿ ಮೇಲೆ ಬರ್ತದೆ. ಇಲ್ಲಿ ಒಂದು ಸೂಕ್ಷ್ಮ ಉಂಟು, ಇದು ಅರ್ಥ ಆದ್ರೆ ಮುಂದಿನದ್ದೆಲ್ಲ ತಾನಾಗಿ ಅರ್ಥ ಆಗ್ತದೆ. ಆಕ್ಸೈಡ್ ಕರೆಂಟು ದಾಟ್ಲಿಕ್ಕೆ ಬಿಡದ ವಸ್ತು, ಹಾಗಾದ್ರೆ ಸ್ವಲ್ಪ ಪದರ ಬಂದ ಕೂಡ್ಲೆ ಕೆಲಸ ನಿಲ್ಲಬೇಕಿತ್ತಲ್ಲ, ಯಾಕೆ ನಿಲ್ಲುವುದಿಲ್ಲ ಅಂದ್ರೆ ಒಂದು ಕಡೆ ಕರೆಂಟು ಪದರ ಬೆಳೆಸ್ತಾ ಇರುವಾಗಲೇ ಇನ್ನೊಂದು ಕಡೆ ಆಸಿಡು ಅದನ್ನು ಸ್ವಲ್ಪ ಸ್ವಲ್ಪ ಕರಗಿಸ್ತಾ ಇರ್ತದೆ, ಹಾಗೆ ಕರಗುವಾಗ ಜೇನುಗೂಡಿನ ಹಾಗೆ ಒತ್ತೊತ್ತಾಗಿ ನೆಟ್ಟಗೆ ತೂತುಗಳು ಉಳೀತವೆ, ಆ ತೂತಿನ ಬುಡದಲ್ಲಿ ತೆಳ್ಳಗಿನ ಒಂದು ಗಟ್ಟಿ ಪೊರೆ, ಕರೆಂಟು ಆ ದಾರಿಯಾಗಿ ಇಳಿದು ಕೆಳಗೆ ಹೊಸ ಪದರ ಮಾಡ್ತದೆ. ಬೆಳೆಯುವ ವೇಗ ಕರಗುವ ವೇಗಕ್ಕಿಂತ ಜಾಸ್ತಿ ಇರಬೇಕು, ಇಡೀ ಕೆಲಸ ಇರುವುದು ಈ ಒಂದು ಲೆಕ್ಕದಲ್ಲಿ. ಆಸಿಡು ಬಿಸಿಯಾದ್ರೆ ಕರಗುವುದು ಜೋರಾಗ್ತದೆ, ಪದರ ಮೆತ್ತಗಾಗಿ ಸೀಮೆಸುಣ್ಣದ ಹುಡಿಯಂತೆ ಕೈಗೆ ಅಂಟ್ತದೆ. ನಮ್ಮೂರಿನ 30 ಡಿಗ್ರಿ ಸೆಕೆಯಲ್ಲಿ ಮನೆಯಲ್ಲಿ ಮಾಡಿದ ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಇನ್ನು ಯಾವ ಅಲ್ಯೂಮಿನಿಯಂ ಅನ್ನುವುದು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಸಿಗುವ ಸೆಕ್ಷನು, ಪೈಪು, ಆಂಗಲ್ ಹೆಚ್ಚಾಗಿ 6063 ನಂಬರಿನದ್ದು (ಈ ನಂಬರು ಯಾವ ಜಾತಿಯ ಮಿಶ್ರಲೋಹ ಅಂತ ಹೇಳ್ತದೆ), ಇದು ಆನೋಡೈಸಿಂಗಿಗೆ ಅತ್ಯಂತ ಒಳ್ಳೇದು. 6061 ಕೂಡ ಒಳ್ಳೇದು. ಬೋಟಿಗೆಂದೇ ಇರುವ 5052, 5083 ಪ್ಲೇಟುಗಳೂ ಚೆನ್ನಾಗಿ ಹಿಡೀತವೆ. ಎರಕ ಹೊಯ್ದ ಸಾಮಾನಿನಲ್ಲಿ ತೊಂದರೆ, ಕ್ಲೀಟು ಮತ್ತು ಕೆಲವು ಬ್ರಾಕೆಟುಗಳು ಎಲ್‌ಎಂ6 ಎರಕದ್ದಾಗಿರ್ತವೆ, ಅದರಲ್ಲಿ ಸಿಲಿಕಾನ್ 10ರಿಂದ 13 ಶೇಕಡಾ, ಸಿಲಿಕಾನ್ ಆನೋಡೈಸ್ ಆಗುವುದಿಲ್ಲ, ಹಾಗಾಗಿ ಮೈ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ ಕಲೆ ಕಲೆಯಾಗಿ ಬರ್ತದೆ, ಪದರ ತೆಳು. ಎಲ್‌ಎಂ6 ತಾನಾಗಿಯೇ ಉಪ್ಪುನೀರಿಗೆ ತಕ್ಕಮಟ್ಟಿಗೆ ತಡ್ಕೊಳ್ಳುವ ಜಾತಿ, ಅದನ್ನು ಹಾಗೇ ಬಿಡುವುದು ವಾಸಿ. ತಾಮ್ರ ಜಾಸ್ತಿ ಇರುವ 2024ರಂಥದ್ದು ಬೋಟಿಗೆ ಬರಲೇಬಾರದು. ಎರಕವೋ ಅಲ್ಲವೋ ಅಂತ ತಿಳೀಲಿಕ್ಕೆ ಮೈ ನೋಡಿದ್ರೆ ಸಾಕು, ಸೆಕ್ಷನಿನಲ್ಲಿ ಉದ್ದಕ್ಕೆ ನಯವಾದ ಗೆರೆ ಇರ್ತದೆ, ಮುರಿದ ಅಥವಾ ಕೊಯ್ದ ಜಾಗ ಒಂದೇ ಸಮ, ಎರಕದಲ್ಲಿ ಮೂಲೆಗಳೆಲ್ಲ ಉರುಟು, ಕೊಯ್ದಲ್ಲಿ ಕಾಳು ಕಾಳು ಕಾಣ್ತದೆ. ಒಂದೇ ಸಲ ಎರಡು ಜಾತಿ ಅಲ್ಯೂಮಿನಿಯಂ ಒಟ್ಟಿಗೆ ಅದ್ದಬೇಡಿ, ಒಂದು ಕರೆಂಟೆಲ್ಲ ಎಳ್ಕೊಂಡು ಇನ್ನೊಂದಕ್ಕೆ ಉಪವಾಸ ಹಾಕ್ತದೆ. ಸಾಮಾನಿನಲ್ಲಿ ಕಬ್ಬಿಣದ ಸ್ಕ್ರೂ, ಹಿತ್ತಾಳೆ ಬುಶ್ಶು, ಸ್ಟೀಲ್ ರಿವೆಟ್ಟು ಒಂದೇ ಒಂದು ಉಳಿದಿದ್ರೂ ಕರೆಂಟು ಪೂರ ಆ ದಾರಿಯಲ್ಲೇ ಹೋಗಿ ಅದೂ ಕರಗ್ತದೆ, ಆಸಿಡೂ ಹಾಳಾಗ್ತದೆ, ಅಲ್ಯೂಮಿನಿಯಮಿನ ಮೇಲೆ ಏನೂ ಬರುವುದಿಲ್ಲ. ಎಲ್ಲ ತೆಗೀಬೇಕು.

ಬಗ್ಗಿಸುವುದು, ತೂತು ಕೊರೆಯುವುದು, ಅಂಚು ಉಜ್ಜುವುದು ಎಲ್ಲ ಮುಂಚೆಯೇ ಮುಗಿಸಿ ಇಡಿ. ಅಲ್ಯೂಮಿನಿಯಂ ಆಕ್ಸೈಡ್ ತುಂಬ ಗಟ್ಟಿ, ಮಾಣಿಕ್ಯ ನೀಲ ಎಲ್ಲ ಇದೇ ವಸ್ತು, ಆದ್ರೆ ಬಗ್ಗುವುದಿಲ್ಲ, ಆಮೇಲೆ ಬಗ್ಗಿಸಿದ್ರೆ ಸಣ್ಣ ಸಣ್ಣ ಬಿರುಕು ಬಿಡ್ತದೆ. ಚೂಪು ಅಂಚಿನಲ್ಲಿಯೂ ಪದರ ಬಿರಿಯುತ್ತದೆ, ಫೈಲ್ ಹಿಡ್ದು ಸ್ವಲ್ಪ ಉರುಟು ಮಾಡಿ. ಮತ್ತೆ, ಪದರದ ಸುಮಾರು ಮೂರನೇ ಎರಡು ಭಾಗ ಲೋಹದ ಒಳಕ್ಕೆ, ಒಂದು ಭಾಗ ಹೊರಕ್ಕೆ ಬೆಳೆಯುವ ಕಾರಣ ಥ್ರೆಡ್ಡು ಮತ್ತು ಬಿಗಿ ತೂತುಗಳು ಒಂದು ಕೂದಲಷ್ಟು ಟೈಟ್ ಆಗ್ತವೆ, ಅದನ್ನು ನೋಡ್ಕೊಳ್ಳಬೇಕು. ಈಗಾಗಲೇ ಗುಂಡಿ ಬಿದ್ದ ಹಳೇ ಸಾಮಾನಾದ್ರೆ ಗುಂಡಿ ಹೋಗುವವರೆಗೆ ಎಮರಿ ಪೇಪರಲ್ಲಿ ಉಜ್ಜಲೇಬೇಕು, ಆನೋಡೈಸಿಂಗ್ ಗುಂಡಿ ತುಂಬಿಸುವುದಿಲ್ಲ, ಎದ್ದು ಕಾಣುವ ಹಾಗೆ ಮಾಡ್ತದೆ.

ಸಾಮಾನಿನ ಪಟ್ಟಿಗೆ ಬರುವ. ಕರೆಂಟಿಗೆ ಮೊಬೈಲ್ ರಿಪೇರಿಯವರು ಬಳಸುವ ಬೆಂಚ್ ಪವರ್ ಸಪ್ಲೈ, 30 ವೋಲ್ಟು 5 ಆಂಪ್ಸಿನದ್ದು, ಸಾಧ್ಯ ಆದ್ರೆ 10 ಆಂಪ್ಸಿನದ್ದು. ಮುಖ್ಯ ಏನಂದ್ರೆ ಅದರಲ್ಲಿ ಆಂಪ್ಸನ್ನು ನಾವು ಹೇಳಿದಲ್ಲಿಗೆ ನಿಲ್ಲಿಸುವ ಸೌಲಭ್ಯ ಇರಬೇಕು. ಕಾರ್ ಬ್ಯಾಟರಿ ಚಾರ್ಜರಿನಲ್ಲಿ ಅದು ಇಲ್ಲ, ಈಗಿನ ಸ್ಮಾರ್ಟ್ ಚಾರ್ಜರುಗಳಂತೂ ಬ್ಯಾಟರಿ ಕಾಣದಿದ್ರೆ ಆನ್ ಆಗುವುದೇ ಇಲ್ಲ. ಆಸಿಡಿಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಆಸಿಡ್ ಸಾಕು, ಅದು ಸ್ವಚ್ಛ ಇರ್ತದೆ, ಬಾತ್‌ರೂಮ್ ತೊಳೆಯುವ ಆಸಿಡ್ ಬೇಡವೇ ಬೇಡ, ಅದು ಹೈಡ್ರೋಕ್ಲೋರಿಕ್, ಅಲ್ಯೂಮಿನಿಯಂ ತಿಂದು ಮುಗಿಸ್ತದೆ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಮಾರುವವರು ಖರೀದಿ ಮಾಡುವವರ ಗುರುತು ಚೀಟಿ ನೋಡಿ, ಯಾತಕ್ಕೆ ಅಂತ ಕೇಳಿ ಬರೆದಿಡಬೇಕು, ಆಧಾರ್ ಹಿಡ್ಕೊಂಡೇ ಹೋಗಿ. ನೀರಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಕಡಲ ಬದಿಯ ಬಾವಿಗೆ ಬೇಸಗೆಯಲ್ಲಿ ಉಪ್ಪು ಹತ್ತುವುದು ನಮಗೆಲ್ಲ ಗೊತ್ತೇ ಉಂಟು, ಆ ಕ್ಲೋರೈಡ್ ಸ್ವಲ್ಪವೇ ಆಸಿಡಿಗೆ ಸೇರಿದ್ರೂ ಸಾಮಾನಿನ ಮೇಲೆ ಸುಟ್ಟ ಹಾಗೆ ಗುಂಡಿ ಬೀಳ್ತದೆ, ಕಡಲಿಂದ ಕಾಪಾಡ್ಲಿಕ್ಕೆ ಹೋಗಿ ಕಡಲನ್ನೇ ಟಬ್ಬಿಗೆ ಕರೆದ ಹಾಗೆ.

ಟಬ್ಬು ಯಾವ ದಪ್ಪ ಪ್ಲಾಸ್ಟಿಕ್ಕಿನದ್ದಾದ್ರೂ ಆದೀತು. ಮೈನಸ್ಸಿನ ತಗಡಿಗೆ ಸುಮಾರು ಜನ ಸೀಸ ಬಳಸ್ತಾರೆ, ನಮ್ಮಲ್ಲಿ ಬಲೆಗೆ ಕಟ್ಟುವ ಸೀಸ ಮನೆಯಲ್ಲೇ ಇರ್ತದೆ, ಕರಗಿಸಿ ತಗಡು ಮಾಡುವ ಅಂತ ಅನಿಸ್ತದೆ. ದಯಮಾಡಿ ಬೇಡ. ಸೀಸದ ಹೊಗೆ ವಿಷ, ಮತ್ತೆ ಕೊನೆಗೆ ಆಸಿಡ್ ವಿಲೇವಾರಿ ಮಾಡುವಾಗ ಅದರೊಳಗೆ ಸೀಸ ಇದ್ರೆ ಎಲ್ಲಿ ಹಾಕುವುದು. 6063 ಸೆಕ್ಷನಿನ ತುಂಡೇ ಮೈನಸ್ಸಿಗೂ ಚೆನ್ನಾಗಿ ಆಗ್ತದೆ, ಟಬ್ಬಿನ ಎರಡೂ ಬದಿಗೆ ಒಂದೊಂದು ಇಟ್ರೆ ಸಾಮಾನಿನ ಎರಡೂ ಮುಖಕ್ಕೆ ಸಮನಾಗಿ ಪದರ ಬರ್ತದೆ. ತೂಗು ಹಾಕ್ಲಿಕ್ಕೆ ಅಲ್ಯೂಮಿನಿಯಂ ತಂತಿ ಮಾತ್ರ, ತಾಮ್ರವೋ ಕಬ್ಬಿಣವೋ ಆಸಿಡಿನಲ್ಲಿ ಮುಳುಗಬಾರದು. ಕಂಬದಿಂದ ಮನೆಗೆ ಎಳೆಯುವ ಹಳೇ ಸರ್ವಿಸ್ ವೈರು ಗುಜರಿಯಲ್ಲಿ ಸಿಗ್ತದೆ, ಸಿಪ್ಪೆ ಸುಲಿದ್ರೆ ಒಳಗೆ ಒಳ್ಳೇ ಅಲ್ಯೂಮಿನಿಯಂ ತಂತಿ. ಸಾಮಾನಿನ ತೂತಿಗೆ ಅದನ್ನು ಬಲವಾಗಿ ಬೆಣೆ ಹೊಡೆದ ಹಾಗೆ ಸಿಕ್ಕಿಸಬೇಕು, ಸುಮ್ಮನೆ ನೇತು ಹಾಕಿದ್ರೆ ತಂತಿ ತಾಗುವ ಜಾಗದಲ್ಲೂ ಆಕ್ಸೈಡ್ ಬೆಳೆದು ಕರೆಂಟು ಕಟ್ ಆಗ್ತದೆ. ತಂತಿ ತಾಗಿದಲ್ಲಿ ಒಂದು ಚುಕ್ಕೆ ಹಾಗೇ ಉಳೀತದೆ, ಹಾಗಾಗಿ ಬೋಲ್ಟಿನಡಿಗೆ ಹೋಗುವ ತೂತನ್ನೇ ಆರಿಸಿ.

ಆಸಿಡ್ ಬೆರೆಸುವುದು ಹೊರಗೆ, ಗಾಳಿ ಆಡುವಲ್ಲಿ. ಕನ್ನಡಕ, ರಬ್ಬರ್ ಗ್ಲೌಸು, ಹಳೇ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ಅಡುಗೆ ಸೋಡಾ ಕಲಸಿದ ನೀರು, ಇನ್ನೊಂದು ಬಕೆಟ್ ಬರೀ ನೀರು. ಮೈಗೆ ಸಿಡಿದ್ರೆ ಬರೀ ನೀರಲ್ಲಿ ಸಾಕಷ್ಟು ಹೊತ್ತು ತೊಳೀರಿ, ಸೋಡಾ ನೀರು ನೆಲಕ್ಕೆ ಚೆಲ್ಲಿದ್ದಕ್ಕೆ. ಮಕ್ಕಳು, ನಾಯಿ, ಕೋಳಿ ಯಾವುದೂ ಆ ಕಡೆ ಸುಳಿಯಬಾರದು. ಟಬ್ಬಿಗೆ ಮೊದಲು ನೀರು ಹಾಕಿ, ಆಮೇಲೆ ಆಸಿಡನ್ನು ನಿಧಾನಕ್ಕೆ ನೂಲಿನ ಹಾಗೆ ಹೊಯ್ಯಿರಿ. ಉಲ್ಟಾ ಮಾಡಿದ್ರೆ, ಅಂದ್ರೆ ಆಸಿಡಿಗೆ ನೀರು ಹಾಕಿದ್ರೆ, ಒಮ್ಮೆಲೇ ಕುದಿದು ಮುಖಕ್ಕೆ ಹಾರ್ತದೆ. ಬ್ಯಾಟರಿ ಆಸಿಡ್ ಮತ್ತು ನೀರು ಸಮ ಸಮ ಬೆರೆಸಿದ್ರೆ ತೂಕದ ಲೆಕ್ಕದಲ್ಲಿ ಸುಮಾರು 18ರಿಂದ 20 ಶೇಕಡಾ ಆಸಿಡ್ ಆಗ್ತದೆ, ಬೇಕಾದದ್ದು 15ರಿಂದ 20. ಬ್ಯಾಟರಿ ನೋಡುವ ಹೈಡ್ರೋಮೀಟರ್ ಇದ್ರೆ ತಣ್ಣಗಾದ ಮೇಲೆ ಅದ್ದಿ ನೋಡಿ, 1.12ರಿಂದ 1.14ರ ಒಳಗೆ ತೋರಿಸಿದ್ರೆ ಸರಿ. ಬೆರೆಸುವಾಗ ಬಿಸಿಯಾಗ್ತದೆ, ಅದೇ ದಿನ ಕೆಲಸ ಮಾಡ್ಲಿಕ್ಕೆ ಹೋಗದೆ ಮುಚ್ಚಿಟ್ಟು ಮರುದಿನ ಮಾಡಿ.

ಈಗ ಲೆಕ್ಕ. ನಮಗೆ ಬೇಕಾದ ಅಳತೆ 10 ಸೆಂಟಿಮೀಟರ್ ಉದ್ದ 10 ಸೆಂಟಿಮೀಟರ್ ಅಗಲದ ಒಂದು ಚೌಕ, ಇದನ್ನು ಡೆಸಿಮೀಟರ್ ಚೌಕ ಅಂತಾರೆ. ಮನೆಯಲ್ಲಿ ಮಾಡುವಾಗ ಒಂದೊಂದು ಚೌಕಕ್ಕೆ 1 ಆಂಪ್ಸ್ ಒಳ್ಳೇ ಲೆಕ್ಕ, ಸಪ್ಲೈ ಚಿಕ್ಕದಾದ್ರೆ ಅರ್ಧ ಆಂಪ್ಸಿನಲ್ಲೂ ಆಗ್ತದೆ, ಸಮಯ ಎರಡರಷ್ಟು. ಎಷ್ಟು ನಿಮಿಷ ಅಂದ್ರೆ ಬೇಕಾದ ಮೈಕ್ರಾನನ್ನು ಮೂರರಿಂದ ಗುಣಿಸಿ, ಚೌಕಕ್ಕೆ ಕೊಡುವ ಆಂಪ್ಸಿನಿಂದ ಭಾಗಿಸಿ. ಒಂದು ಉದಾಹರಣೆ ಮಾಡುವ, ಲೈಟು ಕೂರಿಸುವ ಎಲ್ ಆಕಾರದ ಬ್ರಾಕೆಟು, ಬಿಡಿಸಿ ಅಳೆದ್ರೆ 20 ಸೆಂಟಿಮೀಟರ್ ಉದ್ದ 10 ಅಗಲ, 3 ಮಿಲಿಮೀಟರ್ ದಪ್ಪ. ಎರಡು ಮುಖ ಸೇರಿ 400 ಚದರ ಸೆಂಟಿಮೀಟರ್, ಅಂಚು ಸೇರಿಸಿದ್ರೆ ಸುಮಾರು 420, ಅಂದ್ರೆ 4.2 ಚೌಕ, 4.2 ಆಂಪ್ಸ್. ಕಡಲ ಮೇಲಿನ ಸಾಮಾನಿಗೆ 15 ಮೈಕ್ರಾನಿಗಿಂತ ಕಡಿಮೆ ಬೇಡ, ಸಾಧ್ಯ ಆದ್ರೆ 20. 15ಕ್ಕೆ ಲೆಕ್ಕ ಹಾಕಿದ್ರೆ 45 ನಿಮಿಷ, ಕರಗಿ ಹೋಗುವುದಕ್ಕೆ ಸ್ವಲ್ಪ ಸೇರಿಸಿ 50 ಇಡಿ. ಬಿಸಿಯ ಲೆಕ್ಕವೂ ಇಲ್ಲೇ ಬರ್ತದೆ, 4.2 ಆಂಪ್ಸು 15 ವೋಲ್ಟು ಅಂದ್ರೆ 63 ವ್ಯಾಟು, ಅದು ಪೂರ ಟಬ್ಬಿನೊಳಗೆ ಬಿಸಿಯಾಗಿ ಕೂರ್ತದೆ, 10 ಲೀಟರ್ ಆಸಿಡಿನಲ್ಲಿ 45 ನಿಮಿಷಕ್ಕೆ ನಾಲ್ಕೈದು ಡಿಗ್ರಿ ಏರ್ತದೆ, ಸುತ್ತಲಿನ ಸೆಕೆ ಬೇರೆ. ನಮಗೆ ಬೇಕಾದದ್ದು 20ರಿಂದ 22 ಡಿಗ್ರಿ. ಹಾಗಾಗಿ ಆಸಿಡ್ ಟಬ್ಬನ್ನು ದೊಡ್ಡ ಟಬ್ಬಿನೊಳಗೆ ಕೂರಿಸಿ ಸುತ್ತ ನೀರು ಮತ್ತು ಐಸು. ಮೀನಿಗೆ ಹಾಕುವ ಬ್ಲಾಕ್ ಐಸು ನಮ್ಮ ಕರಾವಳಿಯಲ್ಲಿ ಸಿಗದ ವಸ್ತುವೇನಲ್ಲ, ಅದರ ಒಂದು ತುಂಡು ಕೆಲಸಕ್ಕೆ ಸಾಕು. ಅಕ್ವೇರಿಯಮಿನ ಗಾಳಿ ಪಂಪಿನ ಪ್ಲಾಸ್ಟಿಕ್ ನಳಿಗೆಯನ್ನು ಆಸಿಡಿನ ತಳಕ್ಕೆ ಬಿಟ್ರೆ ಗುಳ್ಳೆ ಎದ್ದು ಎಲ್ಲ ಕಡೆ ಒಂದೇ ತಂಪು ಇರ್ತದೆ, ಇಲ್ಲದಿದ್ರೆ ಸಾಮಾನಿಗೆ ಅಂಟ್ಕೊಂಡ ಆಸಿಡು ಮಾತ್ರ ಬಿಸಿಯಾಗಿ, ಟಬ್ಬಿನ ಥರ್ಮಾಮೀಟರ್ 21 ತೋರಿಸಿದ್ರೂ ಪದರ ಹುಡಿ ಹುಡಿ ಆಗ್ತದೆ.

ತೊಳೆಯುವುದಕ್ಕೆ ತಾಳ್ಮೆ ಬೇಕು. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿ, ಆಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಎಣ್ಣೆ ಸಾಕು, ಗುರುತು ಹಾಗೇ ಉಳೀತದೆ. ಲೀಟರಿಗೆ 50 ಗ್ರಾಮ್ ಕಾಸ್ಟಿಕ್ ಸೋಡಾ ಕರಗಿಸಿದ ನೀರಿಗೆ, ಪ್ಲಾಸ್ಟಿಕ್ ಬಕೆಟಿನಲ್ಲಿ, ಸಾಮಾನು ಇಳಿಸಿ. ಕೆಲವು ಸೆಕೆಂಡು ಏನೂ ಆಗುವುದಿಲ್ಲ, ಹಳೇ ಆಕ್ಸೈಡು ಕರಗುವ ಹೊತ್ತು ಅದು, ಆಮೇಲೆ ಒಮ್ಮೆಲೇ ಇಡೀ ಮೈಯಿಂದ ನೊರೆ ನೊರೆಯಾಗಿ ಗುಳ್ಳೆ ಏಳ್ತದೆ, ಅದು ಹೈಡ್ರೋಜನ್, ಬೀಡಿ ಬೆಂಕಿ ಹತ್ತಿರ ಬರಬಾರದು. ಎರಡು ಮೂರು ನಿಮಿಷದಲ್ಲಿ ತೆಗೆದ್ರೆ ಹೊಳಪು ಹೋಗಿ ಮೈ ಒಂದೇ ಸಮನೆ ಮಂಕು ಬಿಳಿ, ಅದರ ಮೇಲೆ ತೆಳ್ಳಗೆ ಮಸಿಯ ಹಾಗಿನ ಲೇಪ. ಆ ಮಸಿ ಮಿಶ್ರಲೋಹದಲ್ಲಿರುವ ಬೇರೆ ಧಾತುಗಳದ್ದು, ಕಾಸ್ಟಿಕ್ಕಿಗೆ ಕರಗದೆ ಉಳಿದದ್ದು, 6063ರಲ್ಲಿ ಸ್ವಲ್ಪವೇ ಇರ್ತದೆ. ಚೆನ್ನಾಗಿ ತೊಳೆದು ಆನೋಡೈಸಿಂಗ್ ಆಸಿಡಿನಲ್ಲೇ ಕರೆಂಟಿಲ್ಲದೆ ಒಂದೆರಡು ನಿಮಿಷ ಅದ್ದಿ ತೆಗೆದು, ನೈಲಾನ್ ಬ್ರಶ್ಶಿನಲ್ಲಿ ಒರೆಸಿದ್ರೆ ಹೋಗ್ತದೆ. ಫ್ಯಾಕ್ಟರಿಗಳಲ್ಲಿ ಇದಕ್ಕೆ ನೈಟ್ರಿಕ್ ಆಸಿಡ್ ಬಳಸ್ತಾರೆ, ಮನೆಗೆ ಅದನ್ನು ತರುವ ಅಗತ್ಯ ಇಲ್ಲ. ಎರಕದ ಸಾಮಾನಿನ ಸಿಲಿಕಾನ್ ಮಸಿ ಹೋಗ್ಬೇಕಾದ್ರೆ ಹೈಡ್ರೋಫ್ಲೋರಿಕ್ ಬೇಕು, ಅದು ಎಲುಬಿಗೆ ಇಳಿಯುವ ವಿಷ, ಹೆಸರು ಕೇಳಿದ್ರೆ ದೂರ ಇರಿ. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಎತ್ತಿದಾಗ ನೀರು ಒಂದೇ ಹಾಳೆಯಾಗಿ ಇಳೀಬೇಕು, ಎಲ್ಲಾದ್ರೂ ಕೆಸುವಿನ ಎಲೆ ಮೇಲಿನ ಹನಿಯಂತೆ ಒಡೆದು ನಿಂತ್ರೆ ಅಲ್ಲಿ ಇನ್ನೂ ಜಿಡ್ಡು ಉಂಟು, ವಾಪಸ್ ಸೋಪಿಗೆ.

ಸಾಮಾನು ಮುಳುಗಿಸಿ, ಮೈನಸ್ ತಗಡಿಗೆ ತಾಗುವುದಿಲ್ಲ ಅಂತ ನೋಡಿ, ವೋಲ್ಟೇಜ್ ಮಿತಿ 20ರ ಹತ್ತಿರ ಇಟ್ಟು ಆಂಪ್ಸನ್ನು ಸೊನ್ನೆಯಿಂದ ಎರಡು ಮೂರು ನಿಮಿಷದಲ್ಲಿ ನಿಧಾನಕ್ಕೆ ಏರಿಸಿ. ಮೈನಸ್ ಕಡೆ ಜೋರು ಗುಳ್ಳೆ, ಸಾಮಾನಿನ ಕಡೆ ಸಣ್ಣಗೆ. ಆಂಪ್ಸು ಹೇಳಿದಲ್ಲೇ ನಿಂತು, ಪದರ ದಪ್ಪ ಆದ ಹಾಗೆ ವೋಲ್ಟೇಜ್ ಮೆಲ್ಲಗೆ ಮೇಲೆ ಹೋಗ್ತದೆ, ಹೆಚ್ಚಾಗಿ 12ರಿಂದ 16ರ ಆಸುಪಾಸು, ಇದು ಸರಿಯಾದ ಲಕ್ಷಣ. ವೋಲ್ಟೇಜ್ ಒಮ್ಮೆಲೇ ಮಿತಿಗೆ ಹಾರಿ ಆಂಪ್ಸ್ ಸೊನ್ನೆಗೆ ಬಿದ್ರೆ ತಂತಿಯ ಹಿಡಿತ ಬಿಟ್ಟಿದೆ. ವೋಲ್ಟೇಜ್ ಏರದೆ ಸೊನ್ನೆಯ ಹತ್ತಿರವೇ ನಿಂತ್ರೆ ಎಲ್ಲೋ ಶಾರ್ಟ್. ಸಪ್ಲೈಯ ಮುಖ ನೋಡ್ತಾ ಇದ್ರೆ ಟಬ್ಬಿನೊಳಗಿನ ವಿಷಯ ಪೂರ ಗೊತ್ತಾಗ್ತದೆ, ಅದಕ್ಕೇ ಇದಕ್ಕೆ ಹಣ ಹಾಕಿ ಅಂತ ಹೇಳಿದ್ದು. ಇನ್ನು ನಮ್ಮ ಮಳೆಗಾಲದ ಕರೆಂಟು. ಬೋಟು ದಡಕ್ಕೆ ಎಳೆದು ರಿಪೇರಿ ಮಾಡುವ ಸಮಯ ಟ್ರಾಲಿಂಗ್ ನಿಷೇಧದ ಕಾಲ, ಕೇರಳದಲ್ಲಿ ಜುಲೈ 31ರವರೆಗೆ 52 ದಿನ, ತಲಪಾಡಿ ದಾಟಿದ್ರೆ ಕರ್ನಾಟಕದಲ್ಲಿ ಜೂನ್ 1ರಿಂದ ಎರಡು ತಿಂಗಳು, ಆಗಲೇ ಗಾಳಿ ಮಳೆಗೆ ಲೈನಿಗೆ ಮರ ಬೀಳುವುದು. ಅರ್ಧದಲ್ಲಿ ಕರೆಂಟು ಹೋದ್ರೆ ಸಾಮಾನನ್ನು ಆಸಿಡಿನಲ್ಲೇ ಬಿಡಬೇಡಿ, ಬೆಳೆಯುವುದು ನಿಂತು ಕರಗುವುದು ಮಾತ್ರ ನಡೀತಾ ಇರ್ತದೆ. ಎತ್ತಿ ತೊಳೆದು ಡಿಸ್ಟಿಲ್ಡ್ ನೀರಲ್ಲಿ ಮುಳುಗಿಸಿಡಿ. ಸಪ್ಲೈ ಎಳೆಯುವುದು ನೂರು ವ್ಯಾಟಿನ ಆಸುಪಾಸು, ಮನೆಯ ಇನ್ವರ್ಟರಿಗೆ ಕೊಟ್ಟಿಟ್ರೆ ಆ ಚಿಂತೆಯೇ ಇಲ್ಲ.

ಸಮಯ ಮುಗಿದು ತೆಗೆದಾಗ ಸಾಮಾನು ನೋಡ್ಲಿಕ್ಕೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಸ್ವಲ್ಪ ಹಳದಿ ಬೂದಿ ಛಾಯೆ ಬಂದಿರ್ಬಹುದು. ಮಲ್ಟಿಮೀಟರಿನ ಎರಡು ಕಡ್ಡಿ ಮೈಮೇಲೆ ಮೆತ್ತಗೆ ಇಟ್ಟು ನೋಡಿ, ಬೀಪ್ ಬರಬಾರದು. ಬಂದ್ರೆ ಪದರ ಬಂದೇ ಇಲ್ಲ.

ಈಗ ಇರುವುದು ತೂತು ತೂತಾದ ಪದರ, ಇದನ್ನು ಹಾಗೇ ಬೋಟಿಗೆ ಹಾಕಿದ್ರೆ ಆ ಕೋಟಿಗಟ್ಟಲೆ ತೂತಿಗೆ ಉಪ್ಪುನೀರು ಇಳೀತದೆ. ಸೀಲ್ ಮಾಡುವುದು ಇದಕ್ಕೆ. ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿ, 95 ಡಿಗ್ರಿಗಿಂತ ಕೆಳಗೆ ಬರದ ಹಾಗೆ, ಮೈಕ್ರಾನಿಗೆ ಎರಡರಿಂದ ಮೂರು ನಿಮಿಷದ ಲೆಕ್ಕದಲ್ಲಿ ಬೇಯಿಸಬೇಕು, 15 ಮೈಕ್ರಾನಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಆಕ್ಸೈಡು ಬಿಸಿನೀರು ಕುಡಿದು ಬೋಹ್ಮೈಟ್ ಅನ್ನುವ ವಸ್ತುವಾಗಿ ಉಬ್ತದೆ, ಉಬ್ಬಿ ತೂತಿನ ಬಾಯಿ ತಾನೇ ಮುಚ್ಕೊಳ್ತದೆ. ಇಲ್ಲಿ ಬಾವಿ ನೀರು ಬಳಸಿದ್ರೆ ಅದರ ಸಿಲಿಕೇಟು ಫಾಸ್ಫೇಟು ಬಾಯಿಗೆ ಅಡ್ಡ ಕೂತು ಮುಚ್ಚಲಿಕ್ಕೆ ಬಿಡುವುದಿಲ್ಲ, ಮೇಲೆ ಬಿಳಿ ಕಲೆ ಬೇರೆ. ಪಾತ್ರೆ ಸ್ಟೀಲಿನದ್ದಿರಲಿ, ಅಡುಗೆಗೆ ಮತ್ತೆ ಬಳಸದ ಪಾತ್ರೆ. ಆಮೇಲೆ ಒಂದು ಪರೀಕ್ಷೆ, ಕಾಣದ ಮೂಲೆಯಲ್ಲಿ ಒಂದು ಹನಿ ಇಂಕು ಹಾಕಿ ಐದು ನಿಮಿಷ ಬಿಟ್ಟು ಸೋಪಿನಲ್ಲಿ ಒರೆಸಿ, ಗುರುತು ಪೂರ ಹೋದ್ರೆ ಸೀಲ್ ಆಗಿದೆ, ಕಲೆ ಉಳಿದ್ರೆ ಇನ್ನೂ ಬೇಯಿಸಿ. ನನಗೆ ಕೇಳಿದ್ರೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಭಾಗ ಇದು, ಮತ್ತು ಎಲ್ಲರೂ ಅವಸರ ಮಾಡುವುದೂ ಇಲ್ಲೇ, ಸಂಜೆಯಾಗಿರ್ತದೆ, ಗ್ಯಾಸು ಖರ್ಚಾಗ್ತದೆ ಅಂತ ಹತ್ತು ನಿಮಿಷಕ್ಕೆ ಇಳಿಸ್ತಾರೆ.

ಬಣ್ಣ ಹಾಕ್ಬೇಕು ಅಂತಿದ್ರೆ ಸೀಲ್ ಮಾಡುವ ಮೊದಲು, 50-60 ಡಿಗ್ರಿ ಬಿಸಿಯ ಡೈಯಲ್ಲಿ ಹತ್ತು ಹದಿನೈದು ನಿಮಿಷ ಅದ್ದಬೇಕು. ಬಟ್ಟೆಯ ಡೈ ಹಿಡೀತದೆ, ಆದ್ರೆ ಕಡಲ ಬಿಸಿಲಿಗೆ ಕೆಂಪು ನೀಲಿ ಎಲ್ಲ ಮಾಸಿ ಹೋಗ್ತದೆ. ಬೋಟಿಗೆ ಬಣ್ಣ ಇಲ್ಲದ್ದೇ ಒಳ್ಳೇದು.

ಕೂರಿಸುವಾಗ ಜಾಗ್ರತೆ. ಸ್ಟೇನ್‌ಲೆಸ್ ಬೋಲ್ಟು ಮತ್ತು ಅಲ್ಯೂಮಿನಿಯಂ ಉಪ್ಪುನೀರಲ್ಲಿ ಸೇರಿದ್ರೆ ಅಲ್ಲಿ ಒಂದು ಬ್ಯಾಟರಿ ಹುಟ್ಟಿದ ಹಾಗೆ, ತಿನ್ನಿಸಿಕೊಳ್ಳುವುದು ಯಾವಾಗಲೂ ಅಲ್ಯೂಮಿನಿಯಂ. ಆನೋಡೈಸ್ ಪದರ ಕರೆಂಟು ತಡೀತದೆ ನಿಜ, ಆದ್ರೆ ಬೋಲ್ಟು ಬಿಗಿಯುವಾಗ ಒಂದು ಗೀರು ಬಿದ್ರೆ ತಿನ್ನುವ ಶಕ್ತಿ ಪೂರ ಆ ಒಂದು ಗೀರಿಗೇ ಸೇರಿ ಗುಂಡಿ ಬೇಗ ಆಳ ಆಗ್ತದೆ. ಹಾಗಾಗಿ ಬೋಲ್ಟಿನಡಿ ನೈಲಾನ್ ವಾಷರ್, ಬೋಲ್ಟಿನ ಕಾಂಡಕ್ಕೆ ತೆಳ್ಳಗಿನ ಪ್ಲಾಸ್ಟಿಕ್ ನಳಿಗೆ, ಥ್ರೆಡ್ಡಿಗೆ ಲ್ಯಾನೋಲಿನ್ ಗ್ರೀಸು. ಒಡಲಿಗೆ ಚಿಪ್ಪು, ಪಾಚಿ ಹಿಡಿಯದ ಹಾಗೆ ಹೊಡೆಯುವ, ತಾಮ್ರ ಇರುವ ಆಂಟಿಫೌಲಿಂಗ್ ಪೇಂಟು ಅಲ್ಯೂಮಿನಿಯಮಿಗೆ ತಾಗಬಾರದು. ಎಂಜಿನಿನ ಬದಲು ತಾನು ತಿನ್ನಿಸಿಕೊಳ್ಳಲಿ ಅಂತ ಅದಕ್ಕೆ ಕಟ್ಟಿದ ಜಿಂಕ್ ತುಂಡು ಇದ್ರೆ ಅದು ಇರಲಿ, ಆನೋಡೈಸ್ ಮಾಡಿದ್ದೇವೆ ಅಂತ ತೆಗೀಬೇಡಿ, ಎರಡರ ಕೆಲಸ ಬೇರೆ ಬೇರೆ. ಔಟ್‌ಬೋರ್ಡ್ ಎಂಜಿನಿನ ನೀರೊಳಗಿನ ಭಾಗ, ಸ್ಟೀರಿಂಗಿನ ಭಾಗ, ಜನರ ಜೀವ ಆಧರಿಸಿದ ಯಾವ ಭಾಗಕ್ಕೂ ಮನೆಯ ಟಬ್ಬು ಬೇಡ. ಇನ್ನೊಂದು, ಈ ಪದರ ಪಿಎಚ್ (ಆಸಿಡೋ ಕ್ಷಾರವೋ ಅನ್ನುವ ಅಳತೆ, 7 ಅಂದ್ರೆ ಎರಡೂ ಅಲ್ಲ) 4ರಿಂದ 8ರ ಒಳಗೆ ಮಾತ್ರ ಗಟ್ಟಿ, ಮೀನಿನ ವಾಸನೆ ಹೋಗ್ಲಿಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಡೆಕ್ಕು ತೊಳೆಯುವ ಅಭ್ಯಾಸ ಇದ್ರೆ ಅಲ್ಯೂಮಿನಿಯಮಿನ ಮೇಲೆ ಅದನ್ನು ನಿಲ್ಲಲಿಕ್ಕೆ ಬಿಡಬೇಡಿ, ಕೂಡ್ಲೆ ಸಿಹಿನೀರು ಹೊಯ್ದು ತೊಳೀರಿ. ಬಟ್ಟೆ ಸೋಡಾ, ಸುಣ್ಣ, ಸಿಮೆಂಟಿನ ನೀರು ಎಲ್ಲದಕ್ಕೂ ಇದೇ ಮಾತು.

ಆಸಿಡು ಒಂದೇ ಸಲಕ್ಕೆ ಮುಗಿಯುವುದಿಲ್ಲ, ದಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಸಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಬೀಗ ಹಾಕುವ ಜಾಗದಲ್ಲಿಟ್ರೆ ಮುಂದಿನ ವರ್ಷಕ್ಕೂ ಆಗ್ತದೆ. ಕರಗಿದ ಅಲ್ಯೂಮಿನಿಯಂ ಲೀಟರಿಗೆ 20 ಗ್ರಾಮ್ ದಾಟುವಷ್ಟು ಬಳಸಿದ ಮೇಲೆ ಪದರ ಸರಿ ಬರುವುದಿಲ್ಲ, ಆಗ ಎಸೀಬೇಕು. ಎಸೆಯುವುದು ಅಂದ್ರೆ ತೋಡಿಗೆ ಚೆಲ್ಲುವುದಲ್ಲ, ನಮ್ಮ ಮುರಕಲ್ಲಿನ ಮಣ್ಣು ನೀರನ್ನು ಸೀದಾ ಕೆಳಗೆ ಇಳಿಸ್ತದೆ, ಮನೆ ಬಾವಿಯೂ ನೆರೆಯವರ ಬಾವಿಯೂ ಅದೇ ಮಣ್ಣಿನಲ್ಲಿ ಉಂಟು. ದೊಡ್ಡ ಡ್ರಮ್ಮಿನಲ್ಲಿ ಐದಾರು ಪಟ್ಟು ನೀರಿಟ್ಟು ಅದಕ್ಕೆ ಆಸಿಡ್ ಸೇರಿಸಿ, ಆಮೇಲೆ ನೀರಲ್ಲಿ ಕದಡಿದ ಅರಳಿದ ಸುಣ್ಣವನ್ನು ಸೌಟು ಸೌಟಾಗಿ ಕಲಸ್ತಾ ಹಾಕಿ, ಸುಟ್ಟ ಸುಣ್ಣದ ಕಲ್ಲು ಹಾಕಬೇಡಿ, ಕುದಿದು ಸಿಡೀತದೆ. ಮೊದಲು ಹೇಳಿದ 10 ಲೀಟರಿಗೆ ಸುಮಾರು ಒಂದೂವರೆ ಎರಡು ಕೆಜಿ ಸುಣ್ಣ ಹಿಡೀತದೆ. ಪಿಎಚ್ ಪೇಪರು 7ರ ಹತ್ತಿರ ತೋರಿಸಿದ ಮೇಲೆ ಒಂದು ರಾತ್ರಿ ಬಿಟ್ರೆ ಅಡಿಯಲ್ಲಿ ಜಿಪ್ಸಮ್ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಗಂಜಿ ಕೂರ್ತದೆ, ಮೇಲಿನ ತಿಳಿನೀರನ್ನು ಇನ್ನೊಮ್ಮೆ ಪಿಎಚ್ ನೋಡಿ ಬಾವಿಯಿಂದ ದೂರದ ಜಾಗಕ್ಕೆ ಚೆಲ್ಲಿ, ಗಂಜಿಯನ್ನು ಒಣಗಿಸಿ ಗೋಣಿಯಲ್ಲಿ ಕಟ್ಟಿ ಕಸದವರಿಗೆ ಇಂಥದ್ದು ಅಂತ ಹೇಳಿಯೇ ಕೊಡಿ. ಕಾಸ್ಟಿಕ್ ನೀರನ್ನೂ ಇದೇ ಡ್ರಮ್ಮಿಗೆ ಸುಣ್ಣದ ಬದಲು ನಿಧಾನಕ್ಕೆ ಸೇರಿಸಿದ್ರೆ ಸುಣ್ಣ ಅಷ್ಟು ಉಳೀತದೆ.